ಗೋಣೆಪ್ಪನ ಹೆಬ್ಬೆರಳು

ಕೊಪ್ಪಳದಲ್ಲಿ ಗ್ಯಾನಪ್ಪ ಫೋಟೋ ಅಂಗಡಿ ತೆರೆದು ಹನ್ನೊಂದು ವರ್ಷವಾಗಿತ್ತು. ಈ ಹನ್ನೊಂದು ವರ್ಷದಲ್ಲಿ ಜೀವವಿದ್ದ ಗಿರಾಕಿ ಅವನ ಹೊಸ್ತಿಲು ತುಳಿದದ್ದು ಒಂದೇ ಸಲ. ಹಾಗೆಂದು ಅವನಿಗೆ ಕೆಲಸವಿರಲಿಲ್ಲ ಎಂದು ಯಾರೂ ತಿಳಿಯಬಾರದು. ಕೆಲಸ ಕೈತುಂಬ ಇತ್ತು. ಆ ಕಡೆ ಯಾರಾದರೂ ತೀರಿಕೊಂಡರೆ ಮೈ ತೊಳೆದು, ವಿಭೂತಿ ಹಚ್ಚಿ, ರುಮಾಲು ಸುತ್ತಿ, ಗೋಡೆಗೆ ಆನಿಸಿ ಕೂಡಿಸುವುದು ಪದ್ಧತಿ. ಕೂಡಿಸಿದ ಮೇಲೆ ಭಜನೆಯವರನ್ನು ಕರೆಯಲು ಒಬ್ಬ ಓಡುತ್ತಿದ್ದ, ಗ್ಯಾನಪ್ಪನನ್ನು ಕರೆಯಲು ಇನ್ನೊಬ್ಬ.

ಆ ಒಂದೇ ಒಂದು ಜೀವಂತ ಗಿರಾಕಿಯೇ ಇಷ್ಟಕ್ಕೆಲ್ಲ ಕಾರಣ. ಅಂಗಡಿ ತೆರೆದ ದಿನ ಪಕ್ಕದ ಓಣಿಯ ಶೆಟ್ಟರೊಬ್ಬರು ಜರಿ ರುಮಾಲು ಸುತ್ತಿಕೊಂಡು ಬಂದು ಕುರ್ಚಿಯಲ್ಲಿ ಕುಳಿತು ಫೋಟೋ ತೆಗೆಸಿಕೊಂಡರು. ನಾಲ್ಕನೆಯ ದಿನ ಕಾಲರಾ ಬಡಿದು ಹೋಗಿಬಿಟ್ಟರು. ಅದೇ ವಾರ ಊರಿನಲ್ಲಿ ಕಾಲರಾದಿಂದ ಇನ್ನೂ ಹದಿನೇಳು ಮಂದಿ ಹೋದರು. ಅವರಾರೂ ಗ್ಯಾನಪ್ಪನ ಕ್ಯಾಮೆರಾದ ಮುಖ ಕಂಡವರಲ್ಲ. ಆದರೆ ಊರಿನ ನೆನಪಿನಲ್ಲಿ ಉಳಿದದ್ದು ಶೆಟ್ಟರೊಬ್ಬರೇ. ಅಂದಿನಿಂದ ಅವನು ಹೆಣದ ಗ್ಯಾನಪ್ಪನಾದ.

ಕ್ಯಾಮೆರಾ ಎಂದರೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರುವ ಮರದ ಪೆಟ್ಟಿಗೆ. ಅದಕ್ಕೆ ಒತ್ತುವ ಗುಂಡಿ ಇರಲಿಲ್ಲ. ಗ್ಯಾನಪ್ಪ ಲೆನ್ಸಿನ ಮುಚ್ಚಳ ತೆಗೆದು, ಬೆಳಕಿಗೆ ತಕ್ಕಷ್ಟು ಸಲ 'ಓಂ ನಮಃ ಶಿವಾಯ' ಎಂದು ಮತ್ತೆ ಮುಚ್ಚುತ್ತಿದ್ದ. ಸುಡು ಬಿಸಿಲಿಗೆ ಒಂದು ನಮಃ ಶಿವಾಯ, ಇಳಿಹೊತ್ತಿಗೆ ಮೂರು, ಮನೆಯೊಳಗಾದರೆ ಹನ್ನೊಂದು. ಅಷ್ಟು ಹೊತ್ತು ಕದಲದೆ ಕೂರುವ ಗಿರಾಕಿಗಳೇ ಅವನ ಪಾಲಿಗೆ ಬಂದದ್ದು ದೇವರ ದಯೆ ಎನ್ನಬೇಕು. ಆದರೂ ಗದಗಿನಲ್ಲಿ ಗುರು ಕಲಿಸಿದ ಮಾತನ್ನು ಅವನು ಬಿಟ್ಟವನಲ್ಲ. ಮುಚ್ಚಳಕ್ಕೆ ಕೈ ಹಾಕುವ ಮುನ್ನ ಹೆಣದ ಕಡೆ ಗಂಭೀರವಾಗಿ ನೋಡಿ, "ಅಲುಗಾಡಬ್ಯಾಡ್ರಿ" ಎನ್ನುತ್ತಿದ್ದ. ಸತ್ತವರ ಮನೆಯವರು ಇದನ್ನು ಶಾಸ್ತ್ರದ ಒಂದು ಭಾಗವೆಂದೇ ತಿಳಿದಿದ್ದರು.

ಇದರಿಂದ ಹೆಚ್ಚು ನೊಂದವಳು ಅವನ ಹೆಂಡತಿ ಹುಲಗಮ್ಮ. ಮದುವೆ, ತೊಟ್ಟಿಲು, ಸೀಮಂತ ಯಾವುದಕ್ಕೂ ಆ ಮನೆಗೆ ಕರೆ ಬರುತ್ತಿರಲಿಲ್ಲ.

"ಊರಾಗ ಹೋಳಿಗಿ ವಾಸನಿ ಬರ್ತೈತಿ, ನಮ್ಮ ಮನಿಗೆ ಕರಿಯಾಕ ಬರೋರು ಅಳಕೋಂತನ ಬರ್ತಾರ" ಎನ್ನುತ್ತಿದ್ದಳು.

ಗ್ಯಾನಪ್ಪ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದರೆ ಅಂಗಡಿಯ ಗೋಡೆಯ ಮೇಲೆ ಉಸಿರಾಡುವ ಮನುಷ್ಯನ ಫೋಟೋ ಒಂದೇ ಒಂದು ತೂಗುಹಾಕಿದರೆ ಸಾಕು, ಊರು ತನ್ನನ್ನು ಮನುಷ್ಯರ ಸಾಲಿಗೆ ಸೇರಿಸೀತು ಎಂಬ ಆಸೆ ಅವನಿಗೆ ಹೊಟ್ಟೆಯ ಹಸಿವಿನಷ್ಟೇ ಇತ್ತು.

ಅವನನ್ನು ಕಂಡು ಓಡದವನು ಊರಿನಲ್ಲಿ ಒಬ್ಬನೇ, ಪಕ್ಕದ ಮನೆಯ ಗೋಣೆಪ್ಪ. ಮೂವತ್ತು ವರ್ಷ ರೈಲ್ವೆ ಗೇಟು ಕಾಯ್ದು ಮನೆ ಸೇರಿದ ಮುದುಕ. ಅವನ ಫೋಟೋವನ್ನು ಗ್ಯಾನಪ್ಪ ಎರಡು ಸಲ ತೆಗೆಯಲು ನೋಡಿ ಕೈಬಿಟ್ಟಿದ್ದ. ಗೋಣೆಪ್ಪನಿಗೆ ಸಾವಿನ ಹೆದರಿಕೆ ಇರಲಿಲ್ಲ, ಆದರೆ ಎಡಗೈಯಲ್ಲಿ ತಂಬಾಕು, ಸುಣ್ಣ ಹಾಕಿಕೊಂಡು ಬಲಗೈ ಹೆಬ್ಬೆರಳಿನಿಂದ ತಿಕ್ಕದೆ ಒಂದು ಗಳಿಗೆ ಕೂರುವುದು ಅವನಿಂದ ಆಗುತ್ತಿರಲಿಲ್ಲ. ಇತ್ತೀಚೆಗೆ ನಾಲ್ಕು ಹೆಜ್ಜೆ ನಡೆದರೆ ಎದೆ ಹಿಡಿದುಕೊಂಡು ನಿಲ್ಲುತ್ತಿದ್ದ. ಹೆಂಡತಿ ದುರುಗವ್ವ ತಂಬಾಕಿನ ಚೀಲ ಬಚ್ಚಿಡುತ್ತಿದ್ದಳು, ಅವನು ಹುಡುಕಿ ತೆಗೆಯುತ್ತಿದ್ದ. ನಲವತ್ತು ವರ್ಷ ಆ ಮನೆಯಲ್ಲಿ ನಡೆದ ಸಂಸಾರವೆಂದರೆ ಮುಖ್ಯವಾಗಿ ಇದೇ.

ಹೀಗಿರುವಾಗ, ದೊಡ್ಡ ಯುದ್ಧ ಇನ್ನೂ ನಡೆಯುತ್ತಿದ್ದ ನಲವತ್ತನಾಲ್ಕನೆಯ ಇಸವಿಯಲ್ಲಿ, ಅಮೆರಿಕದ ಸಿಪಾಯಿಗಳ ನಾಲ್ಕು ಲಾರಿ ಕೊಪ್ಪಳದ ಸ್ಟೇಷನ್ನಿನ ಬಳಿ ಬಂದು ಕೆಟ್ಟು ನಿಂತವು. ಸಾಮಾನು ಬರುವ ತನಕ ಅವರು ಮೈದಾನದಲ್ಲಿ ಡೇರೆ ಹಾಕಿದರು, ಬೇಸರ ಕಳೆಯಲು ಬೇಸ್‌ಬಾಲ್ ಆಡತೊಡಗಿದರು. ಗಂಗಾವತಿ ಅಕ್ಕಿಯ ನಾಲ್ಕು ಖಾಲಿ ಚೀಲವನ್ನು ನಾಲ್ಕು ಮೂಲೆಗೆ ಹಾಸಿ, ಒಬ್ಬ ಚೆಂಡು ಎಸೆದರೆ ಇನ್ನೊಬ್ಬ ದುಂಡನೆಯ ದಾಂಡಿನಿಂದ ಹೊಡೆದು, ಬೆಂಕಿ ಬಿದ್ದವರಂತೆ ಚೀಲದಿಂದ ಚೀಲಕ್ಕೆ ಓಡುವುದು. ಇಷ್ಟು ಓಡಿ ಹೊರಟ ಜಾಗಕ್ಕೇ ಬಂದು ಸೇರುವ ಆಟವನ್ನು ಊರಿನವರು ಅದುವರೆಗೆ ಕಂಡಿರಲಿಲ್ಲ.

ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಹನುಮಣ್ಣ ಮೆಟ್ರಿಕ್‌ವರೆಗೆ ಇಂಗ್ಲಿಷ್ ಓದಿದವನು. ಸಿಪಾಯಿಗಳಿಗೂ ಊರಿಗೂ ನಡುವೆ ಅವನೇ ಬಾಯಿ. ಶುಕ್ರವಾರ ಅವನು ಗ್ಯಾನಪ್ಪನ ಅಂಗಡಿಗೆ ಬಂದು, ಒಳಗೆ ಕಾಲಿಡದೆ ಬೀದಿಯಲ್ಲೇ ನಿಂತು ಹೇಳಿದ:

"ಅವರ ಸಾರ್ಜೆಂಟ್ ಕೇಳ್ಯಾನ. ಐತವಾರದ ಆಟದ್ದು ಒಂದು ಫೋಟೋ ಬೇಕಂತ. ಓಡೋದು ಓಡಿದಂಗ ಬರಬೇಕಂತ ನೋಡಪಾ. ನಿನ್ನ ಕೈಲೆ ಆಗತೈತೇನು?"

ಗ್ಯಾನಪ್ಪ ಎದೆ ಸೆಟೆಸಿ, "ಓಡೋರದು ಏನ್ರಿ, ಹಾರೋರದೂ ಹಿಡೀತೀನಿ" ಎಂದುಬಿಟ್ಟ. ಆ ಶೆಟ್ಟರನ್ನು ಬಿಟ್ಟರೆ ಹನ್ನೊಂದು ವರ್ಷದಲ್ಲಿ ಅವನು ಹಿಡಿದವರಲ್ಲಿ ರೆಪ್ಪೆ ಮಿಟುಕಿಸಿದವನೂ ಒಬ್ಬನಿರಲಿಲ್ಲ.

ಅವನ ಹತ್ತಿರ ಲೆನ್ಸು ಎರಡಿದ್ದವು. ಹಿತ್ತಾಳೆಯ ಉದ್ದ ಲೆನ್ಸು ದೂರದ್ದನ್ನು ಎಳೆದು ತಂದು ಮುಂದಿಡುತ್ತಿತ್ತು, ಆದರೆ ಒಬ್ಬನ ಮೇಲೆ ಇನ್ನೊಬ್ಬನಿಗೆ ಅದರಲ್ಲಿ ಜಾಗವಿರಲಿಲ್ಲ. ಗಿಡ್ಡ ಲೆನ್ಸಿನಲ್ಲಿ ಇಡೀ ಮೈದಾನ ಹಿಡಿಯುತ್ತಿತ್ತು, ಆದರೆ ಮನುಷ್ಯರು ಇರುವೆಯಾಗುತ್ತಿದ್ದರು. ಉದ್ದದ್ದಾದರೆ ದೂರ ನಿಲ್ಲಬೇಕು, ಗಿಡ್ಡದ್ದಾದರೆ ಚೆಂಡಿನ ಬಾಯಿಗೇ ಹೋಗಿ ನಿಲ್ಲಬೇಕು. ಯಾವುದಕ್ಕೂ ಜಾಗ ನೋಡಿಬರೋಣವೆಂದು ಶನಿವಾರ ಬೆಳಿಗ್ಗೆ ಪೆಟ್ಟಿಗೆ ಹೊತ್ತು ಹೊರಟ. ಯುದ್ಧದ ಕಾಲದಲ್ಲಿ ಚಿತ್ರ ಮೂಡುವ ಗಾಜಿನ ಪ್ಲೇಟು ಸಿಗುವುದೇ ದುರ್ಲಭ. ಅವನಲ್ಲಿ ಉಳಿದಿದ್ದು ಎರಡೇ.

ಮೈದಾನದ ಅಂಚಿಗೆ ಎತ್ತರವಾಗಿದ್ದದ್ದು ತಿಮ್ಮಣ್ಣನ ಮನೆಯ ಮಾಳಿಗೆ. ತಿಮ್ಮಣ್ಣ ಹೊಲಕ್ಕೆ ಹೋಗಿದ್ದ. ಗ್ಯಾನಪ್ಪ ಹೊರಗಿನ ಏಣಿ ಹತ್ತಿ, ಮಾಳಿಗೆಯ ಮೇಲೆ ಮೂರು ಕಾಲು ಊರಿ, ಕರಿ ಬಟ್ಟೆಯೊಳಗೆ ತಲೆ ಹಾಕಿ ಉದ್ದ ಲೆನ್ಸಿನಲ್ಲಿ ಮೈದಾನ ನೋಡತೊಡಗಿದ. ಒಳಗೆ ತಿಮ್ಮಣ್ಣನ ತಾಯಿ ಭೀಮಕ್ಕ ಎಂಟು ದಿನದಿಂದ ಜ್ವರ ಹಿಡಿದು ಮಲಗಿದ್ದಳೆಂಬುದು ಅವನಿಗೆ ಗೊತ್ತಿರಲಿಲ್ಲ. ಊರಿಗೆ ಗೊತ್ತಿತ್ತು.

ಅರ್ಧ ತಾಸಿನಲ್ಲಿ ಓಣಿ ತುಂಬಿತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಬಂದರು. ಭಜನೆಯವರು ತಾಳ ತಂದರು. ಯಾರೋ ಹೊಲಕ್ಕೆ ಓಡಿ ತಿಮ್ಮಣ್ಣನಿಗೆ ಸುದ್ದಿ ಮುಟ್ಟಿಸಿದರು. ಅವನು ಕೆಸರುಗಾಲಿನಲ್ಲೇ ಓಡಿಬಂದು ಬಾಗಿಲಲ್ಲಿ ಕುಸಿದು, "ಯವ್ವಾ, ನನಗ ಒಂದು ಮಾತು ಹೇಳದಂಗ ಹೋದೆಲ್ಲಬೇ" ಎಂದು ಹಾಡಿಕೊಂಡು ಅಳತೊಡಗಿದ. ಕುಷ್ಟಗಿಗೆ ಕೊಟ್ಟಿದ್ದ ಭೀಮಕ್ಕನ ಮಗಳು ಸಂತೆಗೆಂದು ಬಂದಿದ್ದವಳು ದಾರಿಯಲ್ಲೇ ಎದೆ ಬಡಿದುಕೊಳ್ಳುತ್ತ ಬಂದಳು. ಒಳಗೆ ಹೋಗಿ ನೋಡುವ ಯೋಚನೆ ಯಾರಿಗೂ ಬರಲಿಲ್ಲ, ಏಕೆಂದರೆ ಕ್ಯಾಮೆರಾ ಮಾಳಿಗೆಯ ಮೇಲೆ ಕಣ್ಣಿಗೆ ಕಾಣುವಂತೆ ನಿಂತಿತ್ತು.

ಗದ್ದಲಕ್ಕೆ ಎಚ್ಚರವಾಗಿ ಭೀಮಕ್ಕ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು.

"ಯಾರು ಸತ್ತಾರೋ ತಿಮ್ಮಾ?"

ತಿಮ್ಮಣ್ಣ ಅಳುವುದನ್ನು ನಿಲ್ಲಿಸಲಾರದೆ, "ನೀನಬೇ" ಎಂದ.

ಭೀಮಕ್ಕ ಜನರನ್ನು ನೋಡಿದಳು, ಹೂವಿನ ಹಾರ ನೋಡಿದಳು, ಮೇಲೆ ಕರಿ ಬಟ್ಟೆಯಿಂದ ತಲೆ ಹೊರಗೆ ತೆಗೆದಿದ್ದ ಗ್ಯಾನಪ್ಪನನ್ನು ನೋಡಿದಳು. ಎಂಟು ದಿನ ಗಂಜಿಯನ್ನೂ ಕುಡಿಯದವಳು ಕಸಬರಿಗೆ ಹಿಡಿದು ಏಣಿಯ ನಾಲ್ಕು ಮೆಟ್ಟಿಲು ಹತ್ತಿದಳು.

"ಇಳಿಯೋ ಕೆಳಗ. ನಾ ಸತ್ತರೂ ನನ್ನ ಮಾರಿ ನಿನ್ನ ಪೆಟಿಗ್ಯಾಗ ಹಾಕಸಂಗಿಲ್ಲ. ಕೇಳಿದ್ಯೋ ಇಲ್ಲೋ?"

"ನಾ ನಿಮ್ಮ ಸಲುವಾಗಿ ಬಂದಿಲ್ರಿ ಆಯಿ. ಓಡೋರ ಸಲುವಾಗಿ ಬಂದೀನಿ."

"ಹಂಗಾರ ನೀನ ಓಡು" ಎಂದಳು ಭೀಮಕ್ಕ.

ಸಂಜೆಗೆ ಅವಳ ಜ್ವರ ಬಿಟ್ಟಿತ್ತು. ಅದರ ಪುಣ್ಯ ಗ್ಯಾನಪ್ಪನಿಗೆ ಯಾರೂ ಕೊಡಲಿಲ್ಲ.

ಅಲ್ಲಿಂದ ಅವನು ಮೈದಾನದ ಇನ್ನೊಂದು ಬದಿಗೆ, ತಹಸೀಲು ಕಚೇರಿಯ ಗೋಡೆಯ ಪಕ್ಕಕ್ಕೆ ಹೋದ. ಸ್ಟ್ಯಾಂಡು ಊರಿ ಐದು ನಿಮಿಷವಾಗಿರಲಿಲ್ಲ, ಒಳಗಿನ ಗುಮಾಸ್ತರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುಮಾಸ್ತರ ಮೇಲಿನ ಪೇಶ್ಕಾರರು ಕನ್ನಡಕ ಏರಿಸಿ ಹೊರಗೆ ಬಂದರು.

"ಯಾರ ಮೌತ್ ಆಗೇತಿ ಇಲ್ಲಿ?"

"ಯಾರದೂ ಇಲ್ರಿ ಸಾಹೇಬ್ರ. ಜಾಗಾ ನೋಡಾಕ ಹತ್ತೀನ್ರಿ."

"ಯಾರ ಜಾಗಾ?" ಎಂದರು ಪೇಶ್ಕಾರರು. ಅವರ ದನಿ ಸಣ್ಣಗಾಗಿತ್ತು. ಅವರ ಮೇಲಿನ ಅಧಿಕಾರಿ ಎರಡು ತಿಂಗಳಿಂದ ಕಾಹಿಲೆಯಲ್ಲಿದ್ದರು. ಆ ಜಾಗದ ಮೇಲೆ ಪೇಶ್ಕಾರರ ಕಣ್ಣಿತ್ತು. ಆದರೆ ಸ್ಟ್ಯಾಂಡು ಸರಿಮಾಡುವಾಗ ಕ್ಯಾಮೆರಾ ತಿರುಗಿದ್ದು ಪೇಶ್ಕಾರರ ಕಿಟಕಿಯ ಕಡೆಗೆ.

ಹೀಗಾಗಿ ಅಲ್ಲೇ ನಿಂತು ಒಂದು ಹುಕುಂ ಬರೆಸಿದರು. ಸರಕಾರಿ ನೌಕರರು ಇರುವ ದಿಕ್ಕಿಗೆ ಗ್ಯಾನಪ್ಪ ಕ್ಯಾಮೆರಾ ತಿರುಗಿಸಕೂಡದು. ಅಮೆರಿಕದವರ ದಿಕ್ಕಿಗೆ ತಿರುಗಿಸಲು ಅಡ್ಡಿಯಿಲ್ಲ, ಅವರು ಹೇಗೂ ಯುದ್ಧಕ್ಕೆ ಹೊರಟವರು. ಕೆಳಗೆ ಮೊಹರು ಬಿತ್ತು.

ಮನೆಗೆ ಬಂದು ಗ್ಯಾನಪ್ಪ ಕಟ್ಟೆಯ ಮೇಲೆ ಕುಸಿದು ಕುಳಿತ. ಪಕ್ಕದ ಕಟ್ಟೆಯಲ್ಲಿ ಗೋಣೆಪ್ಪ ತಂಬಾಕು ತಿಕ್ಕುತ್ತಿದ್ದ.

"ಎಲ್ಲಿ ನಿಂತರೂ ಆಗವಲ್ದು ಕಾಕಾ. ಉದ್ದಂದು ಹಾಕಿದರ ಓಡಾಂವ ಲೆನ್ಸ ಬಿಟ್ಟು ಓಡತಾನ. ಗಿಡ್ಡಂದು ಹಾಕಿದರ ಎಲ್ಲಾರೂ ಕಾಣ್ತಾರ, ಯಾರೂ ಕಾಣಂಗಿಲ್ಲ."

ಗೋಣೆಪ್ಪ ತಂಬಾಕು ತುಟಿಗೆ ತುಂಬಿಕೊಂಡು ಯೋಚಿಸಿದ.

"ಲೇ ಗ್ಯಾನು, ಮೂವತ್ತು ವರ್ಷ ರೈಲು ನೋಡೀನಿ. ರೈಲಿನ ಬೆನ್ನ ಹತ್ತಿ ನೋಡಬಾರ್ದು, ತಲಿ ತಿರಗತೈತಿ. ಅದು ಎಲ್ಲಿ ಬರತೈತಿ ಅಲ್ಲಿ ಕಣ್ಣ ಇಟ್ಟು ಸುಮ್ಮನಿರಬೇಕು. ಅವರು ಎಷ್ಟ ಓಡಿದರೂ ಚೀಲಕ್ಕ ಬರಬೇಕಲ್ಲೋ. ಚೀಲ ಓಡಂಗಿಲ್ಲ. ಚೀಲಕ್ಕ ಹಿಡಿ ನಿನ್ನ ಪೆಟಗಿ."

ಗ್ಯಾನಪ್ಪನ ಗದಗಿನ ಗುರುವೂ ಇಂಥ ಮಾತು ಹೇಳಿರಲಿಲ್ಲ. ಮೂರನೆಯ ಚೀಲದ ಹಿಂದೆ ಒಂದು ಬೇವಿನ ಮರವಿತ್ತು. ಗಿಡ್ಡ ಲೆನ್ಸು ಹಾಕಿ ಆ ಚೀಲಕ್ಕೆ ಎದುರಾಗಿ, ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಲ್ಲುವುದೆಂದು ತೀರ್ಮಾನವಾಯಿತು.

ಐತವಾರ ಇಳಿಹೊತ್ತಿಗೆ ಮೈದಾನಕ್ಕೆ ಊರೇ ಬಂದಿತ್ತು, ಆದರೆ ಕ್ಯಾಮೆರಾದ ಹಿಂದೆ. ಅದರ ಮುಂದೆ ಒಂದು ನಾಯಿಯೂ ಸುಳಿಯಲಿಲ್ಲ. ಸಿಪಾಯಿಗಳು ಇದನ್ನು ಕಂಡು ಹನುಮಣ್ಣನನ್ನು ಕೇಳಿದರು. ಹನುಮಣ್ಣ ತನ್ನ ಇಂಗ್ಲಿಷಿನಲ್ಲಿ, ಈತ ಹೆಣಗಳ ಫೋಟೋಗ್ರಾಫರ್, ಈತ ತೆಗೆದವರು ಉಳಿಯುವುದಿಲ್ಲವೆಂದು ಊರಿನ ನಂಬಿಕೆ ಎಂದು ವಿವರಿಸಿದ. ಸಿಪಾಯಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬ ನೆಲಕ್ಕೆ ಬಿದ್ದು ಸತ್ತವನಂತೆ ನಾಲಗೆ ಚಾಚಿ ತೋರಿಸಿದ. ಆಮೇಲೆ ನಗು ತಾನಾಗಿ ನಿಂತಿತು. ಅವರು ಬರ್ಮಾದ ಕಡೆಗೆ ಹೊರಟವರು; ಹೆಚ್ಚಿನವರಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ.

ಆಟ ಶುರುವಾಯಿತು. ಹೊಡೆದವರೆಲ್ಲ ಮೊದಲ ಚೀಲಕ್ಕೆ ಓಡುತ್ತಿದ್ದರು, ಎರಡನೆಯದಕ್ಕೂ ಓಡುತ್ತಿದ್ದರು, ಅಲ್ಲಿ ನಿಂತು ಮೂರನೆಯ ಚೀಲದ ಎದುರಿಗಿದ್ದ ಕ್ಯಾಮೆರಾ ನೋಡಿ ಮುಂದೆ ಬರುತ್ತಿರಲಿಲ್ಲ. ಸಾರ್ಜೆಂಟ್ ಕೂಗಾಡಿದ. ಕೊನೆಗೆ ಒಬ್ಬ ಧೈರ್ಯ ಮಾಡಿ ಓಡಿಬಂದ, ಗ್ಯಾನಪ್ಪ ಮುಚ್ಚಳ ತೆಗೆದ. ಅಷ್ಟರಲ್ಲಿ ಚೆಂಡು ಬಂದು ಸ್ಟ್ಯಾಂಡಿನ ಕಾಲಿಗೆ ಬಡಿದು ಕ್ಯಾಮೆರಾ ಆಕಾಶ ನೋಡಿತು. ಒಂದು ಪ್ಲೇಟು ಹಾಳಾಯಿತು. ಉಳಿದದ್ದು ಒಂದು.

ಗ್ಯಾನಪ್ಪನ ಕಣ್ಣಲ್ಲಿ ನೀರು ಬಂತು. ಆಗ ಜನರ ನಡುವಿನಿಂದ ಗೋಣೆಪ್ಪ ಎದೆ ಹಿಡಿದುಕೊಂಡು ನಿಧಾನವಾಗಿ ನಡೆದುಬಂದು, ಸಿಪಾಯಿಗಳ ಒಂದು ಖಾಲಿ ಪೆಟ್ರೋಲ್ ಡಬ್ಬಿಯನ್ನು ಬೇವಿನ ಬುಡಕ್ಕೆ ಎಳೆದುಕೊಂಡು, ಮರಕ್ಕೆ ಬೆನ್ನು ಕೊಟ್ಟು, ಕ್ಯಾಮೆರಾದ ಎದುರಿಗೆ ಕುಳಿತ.

"ಯಾರು ಬರಲಿ ಬಿಡಲಿ, ನಾ ಕುಂತೀನಿ. ಊರಾಗ ಒಬ್ಬಾಂವರ ನಿನ್ನ ಪೆಟಿಗ್ಯಾಗ ಜೀವಂತ ಇರಲಿ. ತಗಿ."

"ಮೂರು ನಮಃ ಶಿವಾಯ ಆಗೋ ತನಕ ಅಲುಗಾಡಬಾರ್ದು ಕಾಕಾ. ತಂಬಾಕು ತಿಕ್ಕಬಾರ್ದು."

"ಇಲ್ಲೋ ಮಾರಾಯಾ. ಕೈ ಕಟ್ಟಿಹಾಕೀನಿ ಅಂತ ತಿಳಿ."

ಮುದುಕ ಕುಳಿತದ್ದು ಕಂಡು ಸಿಪಾಯಿಗಳಿಗೆ ನಾಚಿಕೆಯಾಯಿತೋ ಏನೋ, ಮುಂದಿನ ಹೊಡೆತಕ್ಕೆ ಇಬ್ಬರು ಒಬ್ಬರ ಹಿಂದೊಬ್ಬರು ಮೂರನೆಯ ಚೀಲಕ್ಕೆ ಧೂಳೆಬ್ಬಿಸಿ ಓಡಿಬಂದರು. ಗ್ಯಾನಪ್ಪ "ಅಲುಗಾಡಬ್ಯಾಡ್ರಿ" ಎಂದು ಎಲ್ಲರಿಗೂ ಸೇರಿಸಿ ಕೂಗಿ ಮುಚ್ಚಳ ತೆಗೆದ. ಮೂರು ನಮಃ ಶಿವಾಯ ಹೇಳಿದ. ಮುಚ್ಚಿದ.

ಮುಚ್ಚಿದ್ದೇ ತಡ, ಲಾರಿಯ ಹಾರನ್ನು ಕೇಳಿತು. ಸಾಮಾನು ಬಂದು ರಿಪೇರಿ ಮುಗಿದಿತ್ತು, ಕತ್ತಲಾಗುವ ಮುನ್ನ ಹೊರಡಬೇಕೆಂದು ಆರ್ಡರು. ಸಿಪಾಯಿಗಳು ಡೇರೆಗೆ ಓಡಿದರು, ಊರು ಅವರ ಹಿಂದೆ ಓಡಿತು, ಗ್ಯಾನಪ್ಪ ಕ್ಯಾಮೆರಾ ಅಲ್ಲೇ ಬಿಟ್ಟು ಪ್ಲೇಟು ಎದೆಗವಚಿಕೊಂಡು ಮನೆಗೆ ಓಡಿದ. ಅವರು ಹೋಗುವುದರೊಳಗೆ ಫೋಟೋ ಕೈಗೆ ಕೊಡಬೇಕಿತ್ತು. ಓಡುತ್ತಲೇ "ಆತು ಕಾಕಾ" ಎಂದು ಕೂಗಿದ. ತಿರುಗಿ ನೋಡಲಿಲ್ಲ. ಆಮೇಲೆ ಬದುಕಿರುವ ತನಕ ಅವನನ್ನು ಚುಚ್ಚಿದ್ದು ಇದೇ, ಒಂದು ಸಲ ತಿರುಗಿ ನೋಡಲಿಲ್ಲವಲ್ಲ ಎಂದು.

ಕತ್ತಲೆ ಕೋಣೆಯ ಕೆಂಪು ದೀಪದಲ್ಲಿ ಪ್ಲೇಟಿನ ಮೇಲೆ ಚಿತ್ರ ಮೂಡಿತು. ಮೈದಾನ ಮೂಡಿತು, ಅಕ್ಕಿ ಚೀಲ ಮೂಡಿತು, ಬೇವಿನ ಮರದ ಎಲೆ ಮೂಡಿದವು. ಸಿಪಾಯಿಗಳು ಮೂಡಲಿಲ್ಲ. ಓಡಿಬಂದ ಇಬ್ಬರಿದ್ದ ಜಾಗದಲ್ಲಿ ಅನ್ನದ ಗಡಿಗೆಯ ಮೇಲಿನ ಹಬೆಯಂಥದ್ದು ಏನೋ ಇತ್ತು, ಅಷ್ಟೇ. ಹೊರಗೆ ಅವರ ಲಾರಿಗಳು ಹೊರಟುಹೋದ ಸದ್ದೂ ಕೇಳಿಸಿತು. ಆದರೆ ಮರದ ಬುಡದಲ್ಲಿ ಗೋಣೆಪ್ಪ ಮೀಸೆಯ ಒಂದೊಂದು ಕೂದಲೂ ಎಣಿಸುವಂತೆ ಬಂದಿದ್ದ. ಗ್ಯಾನಪ್ಪ ದೀಪ ಹತ್ತಿರ ಎಳೆದ. ಬಗ್ಗಿ ನೋಡಿದ. ಬಲಗೈಯ ಹೆಬ್ಬೆರಳು ಮಾತ್ರ ಇರಲಿಲ್ಲ. ಅದಿರಬೇಕಾದಲ್ಲಿ ಒರೆಸಿದಂಥ ಒಂದು ಮಸಕು.

"ತಿಕ್ಕ್ಯಾನ" ಎಂದು ಗ್ಯಾನಪ್ಪ ಒಳಗಿನಿಂದ ಚೀರಿದ. "ಹುಲಗಿ, ಈ ಮುದುಕ ತಂಬಾಕು ತಿಕ್ಕ್ಯಾನ. ಹನ್ನೊಂದು ವರ್ಷದ ಮ್ಯಾಲ ಒಂದು ಜೀವಂತ ಫೋಟೋ ಬಂದಿತ್ತು, ಕೆಡಿಸಿಬಿಟ್ಟ."

ಒದ್ದೆ ಪ್ಲೇಟು ಹಿಡಿದುಕೊಂಡೇ ಅವನು ಗೋಣೆಪ್ಪನಿಗೆ ಬೈಯಲು ಹೊರಟ. ಮುದುಕ ಮನೆಗೆ ಬಂದಿಲ್ಲವೆಂದು ದುರುಗವ್ವ ಬಾಗಿಲಲ್ಲಿ ನಿಂತಿದ್ದಳು. ಓಡಿದವರು ಬಂದಿಲ್ಲ, ಮುದುಕನೊಬ್ಬನೇ ಬಂದಿದ್ದಾನೆ ಎಂದು ಗ್ಯಾನಪ್ಪ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದಂತೆ ಇಬ್ಬರೂ ಮೈದಾನಕ್ಕೆ ಬಂದರು.

ಬೇವಿನ ಮರದ ಸುತ್ತ ಜನ ನಿಂತಿದ್ದರು. ಗೋಣೆಪ್ಪ ಡಬ್ಬಿಯ ಮೇಲೆ, ಮರಕ್ಕೆ ಆನಿಕೊಂಡು, ಹಾಗೆಯೇ ಕುಳಿತಿದ್ದ. ಲಾರಿ ಕಳಿಸಿ ಬಂದವರೆಲ್ಲ ಅವನನ್ನು ನೋಡಿ, ಫೋಟೋಕ್ಕೆ ಕುಳಿತಿದ್ದಾನೆ, ಮಾತಾಡಿಸಬಾರದು ಎಂದು ಬಳಸಿಕೊಂಡು ಹೋಗಿದ್ದರು. ತಿಮ್ಮಣ್ಣ ಒಂದು ಚಿಟಿಕೆ ತಂಬಾಕು ಕೇಳಿ, ಉತ್ತರ ಬರದಿದ್ದಾಗ, ಅಂಗೈಯಲ್ಲಿದ್ದದ್ದನ್ನು ತಾನೇ ತೆಗೆದುಕೊಳ್ಳಲು ಕೈ ಮುಟ್ಟಿದ್ದ. ಕೈ ತಣ್ಣಗಿತ್ತು.

ಗ್ಯಾನಪ್ಪನನ್ನು ಕಂಡು ಜನ ದಾರಿ ಬಿಟ್ಟರು. ಊರು ಅಲ್ಲೇ ಎರಡು ಪಕ್ಷವಾಯಿತು. ಕ್ಯಾಮೆರಾ ಮುದುಕನನ್ನು ತಿಂದಿತು ಎಂದು ಕೆಲವರು.

"ಅಲ್ಲರೀ, ಮುಚ್ಚಳ ತಗಿಯೋಕಿಂತ ಮದಲ ಸತ್ತಿದ್ದ" ಎಂದ ಹನುಮಣ್ಣ. "ಇಂವಗ ಸತ್ತವರದು ಬಿಟ್ಟರ ಬ್ಯಾರೆ ತಗಿಯಾಕ ಬರಂಗಿಲ್ಲ. ಓಡೋರು ಒಬ್ಬರೂ ಬಂದಿಲ್ಲಂತ, ಗೋಣೆಪ್ಪ ಒಬ್ಬನ ಬಂದಾನಂತ. ಇನ್ನೇನು ಬೇಕು?"

ದುರುಗವ್ವ ಗಂಡನ ಪಕ್ಕದಲ್ಲಿ ಕುಳಿತವಳು ತಲೆಯೆತ್ತಿ ಕೇಳಿದಳು:

"ನೀ ತಗಿಯೋ ಮುಂದ ಇದ್ರೇನೋ ತಮ್ಮಾ, ಹೋಗಿದ್ರೋ?"

ಯಾರದೋ ಕಂದೀಲು ಹಿಡಿದು ಗ್ಯಾನಪ್ಪ ಪ್ಲೇಟನ್ನು ಅದರ ಮುಂದೆ ಎತ್ತಿ ತೋರಿಸಿದ.

"ಮಾರಿ ಕರ್ರಗ ಬಂದೈತೆಲ್ಲೋ."

"ಗಾಜಿನ್ಯಾಗ ಬೆಳ್ಳಂದು ಕರ್ರಗ ಕಾಣತೈತಿ ಚಿಗವ್ವಾ. ಕೈ ನೋಡು. ಬಲಗೈ."

ಅವಳು ಗಾಜಿಗೆ ಮೂಗು ತಾಗುವಷ್ಟು ಬಗ್ಗಿದಳು. ಎಡ ಅಂಗೈ ಇತ್ತು, ಐದು ಬೆರಳಿತ್ತು, ಅದರ ಮೇಲೆ ಬಲಗೈ ಇತ್ತು, ಹೆಬ್ಬೆರಳಿದ್ದಲ್ಲಿ ಮಸಕಿತ್ತು.

"ಗಾಳಿಗೆ ಅಲುಗಾಡಿರಬೇಕು" ಎಂದ ಹನುಮಣ್ಣ.

"ಗಾಳಿ ತಂಬಾಕು ತಿಕ್ಕತೈತೇನೋ?" ಎಂದಳು ದುರುಗವ್ವ. ನಲವತ್ತು ವರ್ಷ ಆ ಹೆಬ್ಬೆರಳಿನ ಜೊತೆ ಜಗಳವಾಡಿದವಳು ಅವಳು. "ಬಚ್ಚಿಟ್ಟಿದ್ದೆ. ಹುಡುಕಿ ತಗೊಂಡು ಬಂದಾರ ನೋಡು" ಎಂದವಳು ನಗಲು ಹೋಗಿ, ಮುಖಕ್ಕೆ ಸೆರಗು ಹಾಕಿಕೊಂಡು ಅತ್ತಳು. ಗ್ಯಾನಪ್ಪನೂ ನೆಲಕ್ಕೆ ಕುಳಿತು ಮಕ್ಕಳಂತೆ ಅತ್ತುಬಿಟ್ಟ.

ಮರುದಿನ ಗೋಣೆಪ್ಪನಿಗೆ ವಿಭೂತಿ ಹಚ್ಚಿ, ರುಮಾಲು ಸುತ್ತಿ, ಗೋಡೆಗೆ ಆನಿಸಿ ಕೂಡಿಸಿದರು. ಭಜನೆಯವರು ಬಂದರು. ಗ್ಯಾನಪ್ಪನೂ ಬಂದ, ಬರಿಗೈಯಲ್ಲಿ.

"ಪೆಟಗಿ ಎಲ್ಲೈತೋ? ಹೊತ್ತಾತು, ತಗಿ" ಎಂದರು ಹಿರಿಯರು.

"ಕಾಕಾಂದು ತಗದಾಗೇತ್ರಿ" ಎಂದ ಗ್ಯಾನಪ್ಪ.

ಆ ಫೋಟೋ ದುರುಗವ್ವನ ಗೋಡೆಯ ಮೇಲೇರಿತು. ಸತ್ತವರ ಫೋಟೋಕ್ಕೆ ಹಾಕುವ ಹಾರವನ್ನು ಅವಳು ಅದಕ್ಕೆ ಹಾಕಲಿಲ್ಲ. ನೋಡಲು ಜನ ಬಂದರು, ಸಿಪಾಯಿಗಳ ಹಬೆಯನ್ನು ನೋಡಿ ಪಾಪ ಎಂದರು, ಹೆಬ್ಬೆರಳನ್ನು ಹತ್ತಿರ ಹೋಗಿ ನೋಡಿದರು, ಮನೆಗೆ ಹೋದರು. ಆ ಹುಡುಗರು ಮುಂದೆ ಏನಾದರೆಂದು ಕೊಪ್ಪಳಕ್ಕೆ ಯಾರೂ ತಿಳಿಸಲಿಲ್ಲ.

ಗೋಣೆಪ್ಪನ ದಿನಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಗ್ಯಾನಪ್ಪನ ಅಂಗಡಿಯ ಬಾಗಿಲಲ್ಲಿ ಭೀಮಕ್ಕ ನಿಂತಿದ್ದಳು. ಹಸಿರು ಇಳಕಲ್ ಸೀರೆ ಉಟ್ಟು, ಮೂಗಿಗೆ ನತ್ತು ಇಟ್ಟುಕೊಂಡು ಬಂದಿದ್ದಳು. ಬೀದಿಯಲ್ಲಿ ಹೋಗುವವರು ನಿಂತರು. ಹುಲಗಮ್ಮ ಒಳಗಿನಿಂದ ಓಡಿಬಂದು ಕುಡಿಯಲು ನೀರು ಕೊಟ್ಟಳು.

"ಗೋಣೆಪ್ಪಂದು ನೋಡಿಬಂದೀನಿ" ಎಂದಳು ಭೀಮಕ್ಕ. "ನಂದೂ ಅಂಥಾದ್ದೊಂದು ತಗಿ. ಸತ್ತ ಮ್ಯಾಲ ನನ್ನ ಮಗ ನಿನ್ನ ಕರಿಯಾಕ ಬರಬಾರ್ದು, ಹಂಗ ತಗಿ."

ಕುರ್ಚಿಯಲ್ಲಿ ಕುಳಿತವಳು ಹೆದರಿಕೆಗೆ ಕಂಬದಂತೆ ಬಿಗಿದುಕೊಂಡಳು. ಕಣ್ಣು ಮಿಟುಕಿಸಲಿಲ್ಲ. ಉಸಿರಾಡುತ್ತಿದ್ದಳೋ ಇಲ್ಲವೋ ಅದೂ ಕಾಣುತ್ತಿರಲಿಲ್ಲ. ಗ್ಯಾನಪ್ಪ ಕರಿ ಬಟ್ಟೆಯಿಂದ ತಲೆ ತೆಗೆದು, ಗದಗಿನ ಗುರುವಿನಿಂದ ತರಿಸಿಕೊಂಡಿದ್ದ ಹೊಸ ಪ್ಲೇಟು ಹಾಕಿ, ಮುಚ್ಚಳಕ್ಕೆ ಕೈ ಹಾಕಿದ. ಹನ್ನೊಂದು ವರ್ಷದ ಮಾತು ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡ.

"ಆಯಿ," ಎಂದ, "ಒಂಚೂರು ಅಲುಗಾಡ್ರಿ."